ಸೊಸೆ ಮಾಡಿಟ್ಟ ಲಗ್ನದ ಕಾರ್ಡು

ನಾನು ಸಾಲಿಗೆ ಹೋದದ್ದು ಎರಡು ವರ್ಷ. ಅಲ್ಲಿ ಕಲಿತದ್ದು ಮರೆತೂ ಹೋಗಿತ್ತು. ಅಕ್ಷರ ಖರೇ ಗೊತ್ತಾದದ್ದು ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ, ಗಂಡ ಸತ್ತ ಮೇಲೆ ಹೊಟ್ಟೆಪಾಡಿಗೆ ಅಲ್ಲಿ ಸೇರಿದಾಗ. ನನ್ನ ಕೆಲಸ ಮೊಳೆ ಬಿಡಿಸುವುದು. ಅಚ್ಚಾದ ಮೇಲೆ ಸೀಸದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದನ್ನೇ ಅದರದರ ಖಾನೆಗೆ ಹಾಕಬೇಕು. ಅಕ್ಷರ ಒಂದು ಖಾನೆಗೆ, ಒತ್ತು ಒಂದು ಖಾನೆಗೆ, ಕೊಂಬು ಒಂದು ಖಾನೆಗೆ. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಹಾಗಾಗಿ ನನಗೆ ಮೊದಲು ಉಲ್ಟಾ ಓದಲು ಬಂತು, ನೆಟ್ಟಗೆ ಓದಲು ಆಮೇಲೆ ಬಂತು. ಈಗಲೂ ತುಂಡು ತುಂಡಾಗಿಯೇ ಓದುತ್ತೇನೆ, ತುಂಡು ತುಂಡಾಗಿಯೇ ಬರೆಯುತ್ತೇನೆ. ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮಲ್ಲಿ ಅಮರಗೋಳದ ಅಡತಿ ಅಂಗಡಿಯವರ ಕ್ಯಾಲೆಂಡರ್ ಆಗುತ್ತಿತ್ತು, ಸತ್ತವರ ಶಿವಗಣಾರಾಧನೆಯ ಕಾರ್ಡು ಆಗುತ್ತಿತ್ತು. ಆದರೆ ಹೆಚ್ಚಿನ ಕೆಲಸ ಲಗ್ನದ ಕಾರ್ಡಿನದು. ಲಗ್ನದ ಕಾರ್ಡಿಗೆ ಒಂದು ರಿವಾಜಿತ್ತು. ಕರೆಯುವವರ ಹೆಸರು ಬರುವಲ್ಲಿ ಗಂಡನಿಲ್ಲದ ಹೆಂಗಸಿನ ಹೆಸರು ಹಾಕುವಂತಿಲ್ಲ. ಅವಳು ಮದುಮಗಳ ತಾಯಿಯೇ ಆಗಿರಲಿ, ಹೆತ್ತು ಸಾಕಿ ಬೆಳೆಸಿದವಳೇ ಆಗಿರಲಿ. ಕಾಕಾನ ಹೆಸರೋ ಸೋದರಮಾವನ ಹೆಸರೋ ಮೇಲೆ ಬರಬೇಕು. ಬರೆದು ತಂದ ಚೀಟಿಯಲ್ಲಿ ಅಂಥ ಹೆಸರಿದ್ದರೆ ಮಾಲಕರು ತಾವು ಹೇಳುತ್ತಿರಲಿಲ್ಲ. ನನ್ನನ್ನು ಕರೆದು, "ನೀನ ಹೇಳವಾ" ಎನ್ನುತ್ತಿದ್ದರು. ನಾನೂ ಗಂಡ ಸತ್ತವಳಾದ್ದರಿಂದ ನನ್ನ ಮಾತಿಗೆ ಯಾರೂ ಸಿಟ್ಟಾಗುತ್ತಿರಲಿಲ್ಲ. ನಾನು ಹೇಳುತ್ತಿದ್ದೆ, ಅವರು ತಲೆ ಬಗ್ಗಿಸಿ ಹೂಂ ಎನ್ನುತ್ತಿದ್ದರು. ಎಷ್ಟು ಹೆಸರು ಹಾಗೆ ತೆಗೆಸಿದ್ದೇನೋ. ಆಗ ಅದು ನನಗೆ ತಪ್ಪು ಅನಿಸಿರಲಿಲ್ಲ.

ನನ್ನ ಮಗ ಕಾಮಾಲೆಯಿಂದ ಹೋದ. ಮೊಮ್ಮಗಳಿಗೆ ಆಗ ಮೂರು ವರ್ಷ. ಮನೆಯಲ್ಲಿ ನಾನು, ಸೊಸೆ, ಕೂಸು. ಸೊಸೆ ಹತ್ತನೆಯ ಇಯತ್ತೆ ಪಾಸಾದವಳು. ಮಾತು ಕಡಿಮೆ. ನನಗೂ ಅವಳಿಗೂ ಜಗಳ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಪಲ್ಯ ಮಾಡುತ್ತಿದ್ದಳು, ಅಷ್ಟೇ.

ತೊಂಬತ್ತಾರು ತೊಂಬತ್ತೇಳರ ಹೊತ್ತಿಗೆ ಮಾಲಕರು ಕಂಪ್ಯೂಟರ್ ತಂದರು. ನನ್ನ ಮೊಳೆಗಳನ್ನು ಗೋಣಿಚೀಲಕ್ಕೆ ಸುರಿದು ಹಳೇ ಸಾಮಾನು ಕೊಳ್ಳುವ ಮೋಡಕಾದವನು ಒಯ್ದ. ಇಪ್ಪತ್ತು ವರ್ಷ ಬೇರೆ ಬೇರೆ ಇಟ್ಟಿದ್ದ ಅಕ್ಷರಗಳೆಲ್ಲ ಒಂದೇ ಚೀಲದಲ್ಲಿ ಕಲೆತು ಹೋದವು. ಸೊಸೆ ಮೂರು ತಿಂಗಳು ಧಾರವಾಡಕ್ಕೆ ಓಡಾಡಿ, ಸಪ್ತಾಪುರದ ಒಂದು ಕ್ಲಾಸಿನಲ್ಲಿ ಕನ್ನಡ ಟೈಪಿಂಗ್ ಕಲಿತು ಬಂದಳು. ಅವಳು ಕುರ್ಚಿಯ ಮೇಲೆ ಕೂತು ಕಾರ್ಡು ಮಾಡಿದರೆ, ನಾನು ನೆಲದ ಮೇಲೆ ಕೂತು ಅವನ್ನು ಮಡಚುತ್ತಿದ್ದೆ. ನನಗೆ ಅದು ಚುಚ್ಚುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಆ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತು, ವಿಂಡೋಸ್ ಮೇಲೆ ಓಡುವ ಒಂದು ಕನ್ನಡದ ಪ್ರೋಗ್ರಾಮ್ ಇತ್ತು. ಅದರಲ್ಲಿ ಮಾಡಿದ ಕಾರ್ಡನ್ನು ಅದರಲ್ಲೇ ತೆರೆಯಬೇಕು. ಪ್ರತಿ ಸಲ ಹೊಸದಾಗಿ ಮಾಡುವ ಪದ್ಧತಿ ಇರಲಿಲ್ಲ. ಹಳೆಯ ಕಾರ್ಡೊಂದನ್ನು ತೆರೆದು, ಹೆಸರು ಬದಲಿಸಿ, ಬೇರೆ ಹೆಸರಿನಿಂದ ಇಟ್ಟುಬಿಡುವುದು. ಯಾವ ಹೆಸರು? ಮದುಮಗಳದ್ದಲ್ಲ, ಮದುಮಗನದ್ದೂ ಅಲ್ಲ. ಕಾರ್ಡು ಒಯ್ಯಲು ಯಾರು ಬರುತ್ತಾರೋ ಅವರ ಹೆಸರು. ಬಾಗಿಲಲ್ಲಿ ಬಂದು ನಿಲ್ಲುವವನು ಅವನೇ ಅಲ್ಲವೇ, ಅವನ ಹೆಸರು ಹೇಳಿದರೆ ಲಗೂ ಸಿಗುತ್ತಿತ್ತು.

ಎರಡು ಸಾವಿರದ ಇಸವಿಯಲ್ಲಿ ಸೊಸೆಗೆ ಹೊಟ್ಟೆಯಲ್ಲಿ ಗಡ್ಡೆ ಬಂತು. ವಿದ್ಯಾನಗರದ ದವಾಖಾನೆಯಲ್ಲಿ ಕೊಯ್ದು ನೋಡಿ ಹಾಗೇ ಹೊಲಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಅವಳಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಎದ್ದು ಕೂರುವಷ್ಟಾದ ಮೇಲೆ ಮತ್ತೆ ಕೆಲಸಕ್ಕೆ ಬರತೊಡಗಿದಳು.

ಒಂದು ಮಧ್ಯಾಹ್ನ ಮಾಲಕರು ಊಟಕ್ಕೆ ಹೋಗಿದ್ದರು. ಮಡಚಲು ಏನೂ ಇರಲಿಲ್ಲವೆಂದು ನಾನು ಅವಳ ಹಿಂದೆ ಹೋಗಿ ನಿಂತೆ. ಪರದೆಯ ಮೇಲೆ ಲಗ್ನದ ಕಾರ್ಡು. ಮದುಮಗಳ ಹೆಸರನ್ನು ಬೆರಳಿಟ್ಟು ಓದಿದೆ. ನಮ್ಮ ಹುಡುಗಿಯದು. ಸಾಲಿಯಲ್ಲಿ ಬರೆಸಿದ ಪೂರ್ತಿ ಹೆಸರು. ಅವಳಿಗೆ ಆಗ ಹದಿಮೂರು ವರ್ಷ. ಮದುಮಗನ ಹೆಸರಿನ ಜಾಗದಲ್ಲಿ ಬರೀ ಚುಕ್ಕೆ. ತಿಂಗಳಿಗೆ ಚುಕ್ಕೆ, ವಾರಕ್ಕೆ ಚುಕ್ಕೆ. ಕರೆಯುವವರ ಜಾಗದಲ್ಲಿ ಮಾತ್ರ ಚುಕ್ಕೆ ಇರಲಿಲ್ಲ. ಮೇಲಿನ ಸಾಲಿನಲ್ಲಿ ಶ್ರೀಮತಿ ಎಂದು ನನ್ನ ಹೆಸರು. ಕೆಳಗಿನ ಸಾಲಿನಲ್ಲಿ ಶ್ರೀಮತಿ ಎಂದು ಅವಳ ಹೆಸರು.

"ಏನಿದು?" ಎಂದೆ.

"ಕಾರ್ಡರಿ" ಎಂದಳು.

"ಕಾರ್ಡ ಅಂತ ಕಾಣ್ತೈತಿ. ಇನ್ನೂ ಮುಟ್ಟಾಗಿಲ್ಲ ಕೂಸು, ಅದರ ಲಗ್ನದ ಕಾರ್ಡ ಮಾಡ್ಕೋತ ಕುಂತೀ?"

"ಮುಂದ ಯಾರ ಮಾಡ್ತಾರ್ರಿ ಅತ್ತಿ? ನಾ ಮಾಡಿದ್ಹಂಗ ಆಗೂದಿಲ್ಲ."

ಅವಳಿಗೆ ಎಲ್ಲ ಗೊತ್ತಿತ್ತು ಎಂದು ಆಗ ನನಗೆ ತಿಳಿಯಿತು. ತಿಳಿದದ್ದಕ್ಕೇ ನನಗೆ ಸಿಟ್ಟು ಬಂತು.

"ಎರಡು ರಂಡಿಮುಂಡೇರ ಹೆಸರು ಮ್ಯಾಲ ಹಾಕಿ ಹುಡಿಗಿ ಸಂಸಾರ ಹಾಳ ಮಾಡ್ತೀಯೇನ? ಅಳಸು ಅದನ್ನ."

ಅವಳು ತಿರುಗಿ ನನ್ನ ಮುಖ ನೋಡಲಿಲ್ಲ. ಕೀಲಿ ಒತ್ತಿದ ಸಪ್ಪಳ ಕೇಳಿತು. ಒಂದು, ಎರಡು, ಮೂರು, ಮೆಲ್ಲಗೆ. ನಾನು ಅಷ್ಟರಲ್ಲಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದೆ. ತಿರುಗಿ ಬಂದಾಗ ಪರದೆ ಖಾಲಿ ಇತ್ತು. ಅದರ ಬಗ್ಗೆ ನಾವು ಮತ್ತೆ ಮಾತಾಡಲಿಲ್ಲ. ಎರಡು ತಿಂಗಳಿಗೆ ಅವಳು ಹೋದಳು.

ಅವಳ ಕುರ್ಚಿಗೆ ಹಳೇ ಹುಬ್ಬಳ್ಳಿಯ ಒಬ್ಬ ಸಾಬರವನು ಬಂದ. ಮೂವತ್ತರ ಆಸುಪಾಸಿನವನು, ಹೆಂಡತಿ ಮಕ್ಕಳಿದ್ದವನು. ಟೈಪೂ ಮಾಡುತ್ತಿದ್ದ, ಕೆಟ್ಟರೆ ಕಂಪ್ಯೂಟರ್ ರಿಪೇರಿಯನ್ನೂ ಮಾಡುತ್ತಿದ್ದ. ನಾನು ತಮ್ಮಾ ಎನ್ನುತ್ತಿದ್ದೆ, ಅವನು ನನಗೆ ಅವ್ವಾರ ಎನ್ನುತ್ತಿದ್ದ. ಅವನು ಕೀಲಿಗಳನ್ನು ಜೋರಾಗಿ ಬಡಿಯುತ್ತಿದ್ದ. ಆದರೂ ಕೆಲವು ಮಧ್ಯಾಹ್ನ ನಾನು ಬಗ್ಗಿಕೊಂಡು ಮಡಚುತ್ತಿರುವಾಗ ಆ ಸಪ್ಪಳ ಮೆಲ್ಲಗಾಗುತ್ತಿತ್ತು. ಒಂದು, ಎರಡು, ಮೂರು. ತಲೆ ಎತ್ತಿದರೆ ಅವನೇ ಇರುತ್ತಿದ್ದ. ನಾನು ತಲೆ ಎತ್ತುವುದನ್ನೇ ಬಿಟ್ಟೆ.

ಮರುವರ್ಷ ಲಗ್ನಸರಾಯಿಯಲ್ಲಿ ಒಂದು ಊರಿನವರ ಕಾರ್ಡು ಅಚ್ಚಾಗಿ ಬಂತು. ಮಡಚಲು ಕೂತೆ. ನಾನು ಮಡಚುವಾಗ ಓದುವುದಿಲ್ಲ, ಅಂಚಿಗೆ ಅಂಚು ಕೂಡಿಸುತ್ತೇನೆ ಅಷ್ಟೇ. ಅರ್ಧ ಗಂಟೆ ಮಡಚಿದ ಮೇಲೆ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಮೇಲ್ಹೊದಿಕೆಯಲ್ಲಿ, ಗಣಪತಿಯ ಕೆಳಗೆ, ಯಾರೋ ಗುರುತಿಲ್ಲದ ಗಂಡಿನ ಹೆಸರು. ಅವನ ಪಕ್ಕದಲ್ಲಿ ಚಿ. ಕುಂ. ಸೌ. ಎಂದು ನಮ್ಮ ಹುಡುಗಿಯ ಪೂರ್ತಿ ಹೆಸರು. ಅವಳು ಆ ಹೊತ್ತಿಗೆ ಸಾಲಿಯಲ್ಲಿ ಕೂತಿದ್ದಳು. ಇಲ್ಲಿ ನನ್ನ ತೊಡೆಯ ಮೇಲೆ ಅವಳ ಲಗ್ನ ಆಗಿಹೋಗಿತ್ತು, ಒಂದಲ್ಲ, ಮುನ್ನೂರು ಸಲ.

ಒಳಪುಟದಲ್ಲಿ ಹೆಸರು ಸರಿ ಇದ್ದವು. ಹೊದಿಕೆಯಲ್ಲಿ ಮಾತ್ರ ಹೀಗೆ. ಕಾರ್ಡನ್ನು ಒಯ್ದು ಮಾಲಕರ ಮುಂದಿಟ್ಟೆ. ಅವರು ಸಾಬರವನನ್ನು ಕರೆದು ಬೈದರು.

"ಹಳೇ ಕಾರ್ಡ ಒಂದು ತಗದೆನ್ರಿ" ಎಂದ ಅವನು. "ಭಾಳ ಛಂದ ಇತ್ತು, ಬಾರ್ಡರು ಏನು, ಜೋಡಣಿ ಏನು. ಗಂಡಿನ ಜಾಗಾದಾಗ ಚುಕ್ಕಿ ಇದ್ದು, ತುಂಬಿದೆ. ಹೆಣ್ಣಿನ ಹೆಸರು ಮೊದಲ ತುಂಬಿತ್ತು ನೋಡ್ರಿ, ಕಣ್ಣಿಗೆ ಬೀಳಲಿಲ್ಲ."

ಮಾಲಕರು ನನ್ನ ಕಡೆ ತಿರುಗಿದರು. "ಇದು ನಿಮ್ಮ ಹುಡಿಗಿ ಹೆಸರಲ್ಲೇನವಾ?"

"ಆ ಹೆಸರಿನಾವ್ರು ಹುಬ್ಬಳ್ಳಿ ತುಂಬ ಅದಾರ್ರಿ" ಎಂದೆ.

ಅವರು ಮುಂದೆ ಕೇಳಲಿಲ್ಲ. ಆ ಕಾರ್ಡುಗಳನ್ನು ರದ್ದಿಗೆ ಹಾಕಲು ನಾನು ಬಿಡಲಿಲ್ಲ. ಮನೆಗೆ ಒಯ್ದು ಸ್ನಾನದ ಒಲೆಗೆ ಹಾಕಿದೆ, ಮೂರು ದಿನ ನೀರು ಕಾಯಿತು. ಅವಳು ಅಳಿಸಿರಲಿಲ್ಲ. ಕಾರ್ಡು ಆ ಕಂಪ್ಯೂಟರಿನ ಡಬ್ಬಿಯೊಳಗೆ ಎಲ್ಲೋ ಇತ್ತು. ಆ ಡಬ್ಬಿ ಇರುವ ಮೂಲೆಯ ಕಡೆ ಬೆನ್ನು ಮಾಡಿ ಕೂರುವುದು ನನಗೆ ಆಗುತ್ತಿರಲಿಲ್ಲ, ಮುಖ ಮಾಡಿ ಕೂರುವುದೂ ಆಗುತ್ತಿರಲಿಲ್ಲ. ಅಡ್ಡವಾಗಿ ಕೂತು ಮಡಚುತ್ತಿದ್ದೆ.

ಕೆಲವು ವರ್ಷಕ್ಕೆ ಆ ಕಂಪ್ಯೂಟರ್ ಸುಟ್ಟುಹೋಯಿತು. ಅದರ ಮೇಲೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದರು. ಮಾಲಕರು ಬೇರೆ ಜಾತಿಯ ಕಂಪ್ಯೂಟರ್ ತಂದರು, ಮ್ಯಾಕ್ ಎನ್ನುತ್ತಾರೆ. ಬಣ್ಣದ ಕೆಲಸಕ್ಕೆ ಅದು ಛಲೋ ಅಂತೆ. ಅದರಲ್ಲಿ ವಿಂಡೋಸ್ ಇಲ್ಲ, ಹಳೆಯ ಪ್ರೋಗ್ರಾಮ್ ಇಲ್ಲ, ಹಳೆಯ ಕಾರ್ಡುಗಳೂ ಇಲ್ಲ. ಆ ದಿನ ನಾನು ಹೊಟ್ಟೆ ತುಂಬ ಉಂಡೆ.

ಎರಡು ಸಾವಿರದ ಎಂಟರಲ್ಲಿ ಮೊಮ್ಮಗಳ ಲಗ್ನ ಗಟ್ಟಿಯಾಯಿತು. ಅವಳು ಆಗ ಬಾಲವಾಡಿಯಲ್ಲಿ ಕಲಿಸುತ್ತಿದ್ದಳು. ಹುಡುಗ ಧಾರವಾಡದವನು, ಬೀಜ ಗೊಬ್ಬರದ ಅಂಗಡಿ. ಪೇಢೆ ಕೊಡಲು ಅವಳನ್ನು ಛಾಪಖಾನೆಗೆ ಕರೆದುಕೊಂಡು ಹೋದೆ. ಮಾಲಕರು ಪೇಢೆ ಬಾಯಿಗೆ ಹಾಕಿಕೊಂಡು, "ನಿಮ್ಮವ್ವ ನಿನ್ನ ಕಾರ್ಡು ಅವಾಗ ಮಾಡಿಟ್ಟಿದ್ಲವಾ. ನಾ ಒಂದ ಸಲ ಅದರ ಹೊದಿಕಿ ನೋಡೇನಿ" ಎಂದುಬಿಟ್ಟರು. ಏಳು ವರ್ಷ ಅವರು ಸುಮ್ಮನಿದ್ದದ್ದು ನನ್ನ ಸಲುವಾಗಿ ಎಂದು ನಾನು ತಿಳಿದಿದ್ದೆ. ಅಲ್ಲ, ಅವರಿಗೆ ಅದು ಅಷ್ಟು ದೊಡ್ಡ ಮಾತೇ ಅಲ್ಲ.

ಹುಡುಗಿ ನನ್ನ ಕಡೆ ತಿರುಗಿದಳು. "ಅಜ್ಜಿ, ನಿನಗ ಗೊತ್ತಿತ್ತೇನ?"

"ಇಲ್ಲ" ಎಂದೆ.

"ನನಗ ಅದ ಕಾರ್ಡ ಬೇಕು. ಅದು ಸಿಗಲಿಲ್ಲಂದ್ರ ಕಾರ್ಡ ಹಂಚೂದ ಬ್ಯಾಡ. ಬಾಯಿಲೆ ಕರದು ಬರ್ರಿ."

ಅವ್ವನದು ಎಂದು ಅವಳ ಹತ್ತಿರ ಎರಡು ಸೀರೆ, ಒಂದು ಮಸುಕಾದ ಫೋಟೊ, ಅಷ್ಟೇ ಇತ್ತು. ಅವಳು ಹಟ ಮಾಡುವವಳಲ್ಲ. ಮಾಡಿದರೆ ಬಿಡುವವಳೂ ಅಲ್ಲ.

ಸಾಬರವನು ಸುಟ್ಟ ಡಬ್ಬಿಯನ್ನು ಬಿಚ್ಚಿ ಅದರ ಡಿಸ್ಕ್ ತೆಗೆದ. ಡಿಸ್ಕ್ ಬದುಕಿತ್ತು. ಮೊದಲು ಅದನ್ನು ಗೆಳೆಯನ ಅಂಗಡಿಯ ಹೊಸ ವಿಂಡೋಸ್ ಕಂಪ್ಯೂಟರಿಗೆ ಹಾಕಿ ನೋಡಿ ಬಂದ. ಹೊಸ ವಿಂಡೋಸ್ ಆ ಹಳೆಯ ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲವಂತೆ. ಆಮೇಲೆ ನಮ್ಮ ಮ್ಯಾಕಿನಲ್ಲೇ ಓಡಿಸುತ್ತೇನೆ ಎಂದ.

"ಅದರಾಗ ವಿಂಡೋಸ್ ಇಲ್ಲಂತಿ, ಮತ್ತ ಹೆಂಗ ಓಡತೈತಿ?" ಎಂದೆ. ಓಡದಿದ್ದರೆ ಸಾಕು ಎಂದು ನನ್ನ ಮನಸ್ಸಿನಲ್ಲಿತ್ತು.

"ಕೇಳ್ರಿಲ್ಲೆ ಅವ್ವಾರ. ಇದರ ಕುಲಾನ ಬ್ಯಾರೆ, ಖರೇ. ಆದ್ರ ಈಗಿನ ಮ್ಯಾಕಿಗೆ ಒಳಗಿನ ಚಿಪ್ ಬದಲಿ ಮಾಡ್ಯಾರ, ವಿಂಡೋಸ್ ಮಷೀನಿನ್ಯಾಗ ಇರೂ ಅಂಥಾದ್ದ ಹಾಕ್ಯಾರ. ಅದಕ್ಕ ನಡಬರಕ ಒಂದು ಪ್ರೋಗ್ರಾಮ್ ಕುಂದರಸ್ತೇನಿ. ಹಳೇದು ಏನೇನ ಕೇಳ್ತೈತಿ, ನಡುವಿಂದು ಎಲ್ಲಾದಕ್ಕೂ ಹೂಂ ಅಂತೈತಿ. ನೀ ವಿಂಡೋಸ್ ಹೌದಲ್ಲೋ ಅಂದ್ರ ಹೌದು ಅಂತೈತಿ. ಸಿ ಡ್ರೈವ್ ಎಲ್ಲೈತಿ ಅಂದ್ರ ಒಂದು ಫೋಲ್ಡರ್ ತೋರ್ಸಿ, ಇದ ನೋಡು ಅಂತೈತಿ."

"ಸುಳ್ಳ ಹೇಳ್ತೈತಿ ಅನ್ನು."

"ಸುಳ್ಳರಿ. ಆದ್ರ ಅದಕ್ಕ ಗೊತ್ತಾಗೂದಿಲ್ಲ. ತನ್ನ ಮನ್ಯಾಗ ಅದೇನಿ ಅಂತ ತಿಳಕೊಂಡು ಕೆಲಸ ಮಾಡ್ತೈತಿ."

ನನ್ನ ಅತ್ತೆ ಮುಪ್ಪಿನಲ್ಲಿ ದಿನಾ ಸಂಜೆ ಸತ್ತ ಮಾವನನ್ನು ಕೇಳುತ್ತಿದ್ದಳು. ಸಂತೆಗೆ ಹೋಗ್ಯಾರ, ಬರ್ತಾರ ಎನ್ನುತ್ತಿದ್ದೆ. ಅವಳು ತಾಟಿಗೆ ರೊಟ್ಟಿ ಹಾಕಿ ಮುಚ್ಚಿಟ್ಟು ನಿಶ್ಚಿಂತೆಯಿಂದ ಮಲಗುತ್ತಿದ್ದಳು. ಅದು ನೆನಪಾಯಿತು.

ಸಾಬರವನು ಎರಡು ದಿನ ಕೂತ. ಮೂರನೆಯ ದಿನ ಮಧ್ಯಾಹ್ನ, ಮ್ಯಾಕಿನ ದೊಡ್ಡ ಪರದೆಯ ನಡುವೆ ಬೂದು ಬಣ್ಣದ ಸಣ್ಣ ಚೌಕವೊಂದು ಎದ್ದಿತು. ಹಳೆಯ ಡಬ್ಬಿಯಲ್ಲಿ ಇದ್ದಂತೆಯೇ ಇತ್ತು. ಅದರಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು. ಮೊಮ್ಮಗಳು ಓದಿದಳು. ಈ ಪ್ರೋಗ್ರಾಮ್ ಇಂಥವರದು ಎಂದು ಹೆಸರು. ಮೊದಲ ದಿನ ಸೊಸೆ ತನ್ನ ಹೆಸರನ್ನೇ ಹಾಕಿದ್ದಳಂತೆ. ಎಂಟು ವರ್ಷದ ಹಿಂದೆ ಸತ್ತವಳ ಹೆಸರನ್ನು ಅದು ಹೊಸ ಮನೆಯಲ್ಲಿ ನಿಂತು ಹೇಳಿತು. ಅವಳು ಸತ್ತಿದ್ದಾಳೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಕಾರ್ಡು ಹುಡುಕಿದರು. ಹುಡುಗಿಯ ಹೆಸರಿನಲ್ಲಿ ಇರಲಿಲ್ಲ. ಸೊಸೆಯ ಹೆಸರಿನಲ್ಲಿ ಇರಲಿಲ್ಲ. ಸಾಬರವನಿಗೆ ಆವತ್ತು ಯಾವುದನ್ನು ತೆರೆದಿದ್ದೆ ಎಂಬುದು ನೆನಪಿರಲಿಲ್ಲ. ಸಾವಿರಾರು ಕಾರ್ಡು, ಒಂದೊಂದಕ್ಕೂ ಒಯ್ದವರ ಹೆಸರು. ಹುಡುಗಿಯ ಕಣ್ಣು ತುಂಬಿದವು. "ಹೋಗ್ಲಿ ಬಿಡ್ರಿ ಅಣ್ಣಾರ" ಎಂದಳು.

ನಾನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರಬೇಕು ಎಂದೇ ನಿಂತಿದ್ದೆ. ಆದರೆ ಇಡೀ ಜನ್ಮ ಒಂದೊಂದು ಮೊಳೆಯನ್ನೂ ಅದರ ಖಾನೆಗೆ ಹಾಕಿದವಳು ನಾನು, ಯಾವುದು ಎಲ್ಲಿದೆ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳಲು ಆಗಲಿಲ್ಲ. ಹುಡುಗಿಯ ಕಾರ್ಡು ಒಯ್ಯಲು ಯಾರು ಬರಬೇಕು? ಅವ್ವ ಇರುವುದಿಲ್ಲ. ಅಪ್ಪ ಇಲ್ಲ.

"ಅತ್ತಿ ಅಂತ ನೋಡು ತಮ್ಮಾ" ಎಂದೆ.

ಸಿಕ್ಕಿತು.

ತೆರೆದಾಗ ಮೊದಲು ಇಂಗ್ಲಿಷ್ ಅಕ್ಷರದ ಕಸ ಬಿತ್ತು. ಅವನು ಹಳೆಯ ಡಿಸ್ಕಿನಿಂದ ಕನ್ನಡದ ಫಾಂಟ್ ತಂದು ಆ ಸುಳ್ಳು ವಿಂಡೋಸಿನೊಳಗೆ ಹಾಕಿದ. ಕಸ ಅಲುಗಾಡಿ ಕನ್ನಡವಾಯಿತು. ಅದೇ ಬಾರ್ಡರು. ಅದೇ ಚುಕ್ಕೆ. ಕರೆಯುವವರ ಜಾಗದಲ್ಲಿ ಮೇಲಿನ ಸಾಲು ಹಾಗೇ ಇತ್ತು, ಶ್ರೀಮತಿ ಎಂದು ನನ್ನ ಹೆಸರು. ಕೆಳಗಿನ ಸಾಲು ಖಾಲಿ. ಒಂದು ಸಾಲಿನಷ್ಟು ಬಿಳಿ ಜಾಗ ಬಿಟ್ಟು ಕೆಳಗೆ ಮುಂದಿನ ಮಾತು.

ಅಳಿಸು ಎಂದಿದ್ದೆ. ಅವಳು ಅಳಿಸಿದ್ದಳು. ತನ್ನದನ್ನು ಮಾತ್ರ.

"ಇಲ್ಲೇನೋ ಇತ್ತು ಅನಸ್ತೈತಿ" ಎಂದಳು ಹುಡುಗಿ.

"ನಿಮ್ಮವ್ವನ ಹೆಸರಿತ್ತು. ಅಳಸು ಅಂದಾಕಿ ನಾನ" ಎಂದೆ. ಎಲ್ಲ ಹೇಳಿದೆ. ನಾನು ಅಂದ ಕೆಟ್ಟ ಮಾತನ್ನೂ ಬಿಡಲಿಲ್ಲ. ಹುಡುಗಿ ಪರದೆಯ ಕಡೆ ತಿರುಗಿ ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟಳು. ಅವಳ ಅವ್ವನಂತೆಯೇ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಛಲೋ ಇತ್ತು.

"ಹಾಕು ತಮ್ಮಾ, ಆಕಿ ಹೆಸರು ತಿರಗಿ ಹಾಕು" ಎಂದೆ.

ಅವನು ಕೀಲಿ ಒತ್ತಿದ. ಒತ್ತಿದ್ದೊಂದು, ಬಿದ್ದದ್ದೊಂದು. ಹಳೆಯ ಪ್ರೋಗ್ರಾಮಿಗೆ ಎಲ್ಲ ಸುಳ್ಳು ನಡೆದಿತ್ತು, ಕೀಲಿಮಣೆಯ ಸುಳ್ಳು ನಡೆಯಲಿಲ್ಲ. ಕನ್ನಡ ಹೊಸದಾಗಿ ಮೂಡುತ್ತಲೇ ಇರಲಿಲ್ಲ. ಇದ್ದ ಅಕ್ಷರವನ್ನು ಎತ್ತಿ ಇನ್ನೊಂದು ಕಡೆ ಇಡಲು ಮಾತ್ರ ಬರುತ್ತಿತ್ತು.

ಎತ್ತಿ ಇಡುವ ಕೆಲಸ ನನಗೆ ಬರುತ್ತದೆ. ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತೆ. ಆ ಕುರ್ಚಿಯ ಪಕ್ಕ ನಾನು ಕೂತದ್ದು ಅದೇ ಮೊದಲು. ಸೊಸೆಯ ಹೆಸರಿಗೆ ಒಂಬತ್ತು ತುಂಡು ಬೇಕಿತ್ತು. ಒಂದನ್ನು ನನ್ನ ಹೆಸರಿನಿಂದಲೇ ತೆಗೆದೆವು. ಉಳಿದದ್ದಕ್ಕೆ ಹಳೆಯ ಕಾರ್ಡುಗಳನ್ನು ಒಂದೊಂದೇ ತೆರೆದು, "ಇದರ ತಲಿಕಟ್ಟ ತಗೋ, ಅದರ ಕೊಂಬ ತಗೋ" ಎನ್ನುತ್ತಾ ಹೋದೆ. ಎಲ್ಲಾ ಅವಳು ಕೂತು ಮಾಡಿದ ಕಾರ್ಡುಗಳು. ಎಷ್ಟೋ ಕಾರ್ಡಿನಲ್ಲಿ ಕರೆಯುವವರ ಜಾಗದಲ್ಲಿ ಕಾಕಾ, ಮಾವ. ಅಲ್ಲಿಂದ ಯಾರ ಹೆಸರನ್ನು ನಾನು ತೆಗೆಸಿದ್ದೆ ಎಂದು ಒಬ್ಬೊಬ್ಬರ ಮುಖವೂ ನೆನಪಾಗುತ್ತಿತ್ತು. ಒಂದು ಒತ್ತು ಮಾತ್ರ ಲಗ್ನದ ಕಾರ್ಡಿನಲ್ಲಿ ಎಲ್ಲೂ ಸಿಗಲಿಲ್ಲ. ಕಡೆಗೆ ಒಂದು ಶಿವಗಣಾರಾಧನೆಯ ಕಾರ್ಡಿನಿಂದ ತೆಗೆದೆವು. ಸಾಬರವನು ನನ್ನ ಮುಖ ನೋಡಿದ. "ನಡೀತೈತಿ" ಎಂದೆ.

ಹೆಸರು ಕೂತಿತು. ಮದುಮಗನ ಹೆಸರು, ತಿಂಗಳು, ವಾರದ ಚುಕ್ಕೆಗಳನ್ನೂ ಹಾಗೇ ತುಂಬಿದೆವು. ಆಗ ಸಾಬರವನು ಮೆಲ್ಲಗೆ ಕೇಳಿದ, "ಅವ್ವಾರ, ಮುಂದ ದಿವಂಗತ ಅಂತ ಹಾಕಬೇಕಲ್ಲರಿ?"

ಮಾಲಕರೂ ಬಂದು ನಿಂತಿದ್ದರು. "ಹಾಕಬೇಕವಾ. ತೀರಿಹೋದಾಕಿ ಲಗ್ನಕ್ಕ ಬರ್ರಿ ಅಂತ ಕರೀತಾಳಂದ್ರ ಮಂದಿ ಏನಂದಾರು? ಇಷ್ಟ ವರ್ಷ ರಿವಾಜು ಹೇಳಿದಾಕಿ ನೀನ."

"ಹೇಳಿದಾಕಿ ನಾನ. ಸಾಕಾಗೇತಿ" ಎಂದೆ. "ಕಾರ್ಡ ಮಾಡೂ ಮುಂದ ಆಕಿ ಜೀವಂತ ಇದ್ಲು. ಹಂಗ ಇರ್ಲಿ."

ಬೀಗರ ಕಡೆಯಿಂದ ಹುಡುಗನ ಸೋದರತ್ತೆ ಬಂದು, ಎರಡೂ ಹೆಸರು ಯಾಕೆ ಎಂದು ಕೇಳಿದಳು. ಕರೆಯುವವರು ನಾವು, ಬರುವವರು ನೀವು, ಬರುವುದಿದ್ದರೆ ಬನ್ನಿ ಎಂದೆ. ಬಂದರು.

ಲಗ್ನ ವಿದ್ಯಾನಗರದ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ಅಕ್ಷತೆ ಬಿದ್ದ ಮೇಲೆ ನಾನು ಬಾಗಿಲ ಹತ್ತಿರ ನಿಂತು ಬಂದವರನ್ನು ಊಟಕ್ಕೆ ಕಳಿಸುತ್ತಿದ್ದೆ. ಸೊಸೆಯ ಜೊತೆ ಸಪ್ತಾಪುರದ ಕ್ಲಾಸಿನಲ್ಲಿ ಕಲಿತಿದ್ದೆ ಎಂದು ಒಬ್ಬ ಹೆಂಗಸು ಬಂದಳು. ನಾನು ಅವಳನ್ನು ಕಂಡಿರಲಿಲ್ಲ. ಕಾರ್ಡು ಯಾರ ಮನೆಯಲ್ಲೋ ನೋಡಿದಳಂತೆ. ಕೈಯಲ್ಲಿ ಅದೇ ಕಾರ್ಡು ಇತ್ತು.

"ಹನ್ನೆರಡು ವರ್ಷ ಆತ್ರಿ ಭೆಟ್ಟಿ ಆಗಿ. ಹೆಸರು ನೋಡಿ ಓಡಿ ಬಂದೆ. ಎಲ್ಲದಾಳ್ರಿ?"

ಹೇಳಬೇಕೆಂದು ಬಾಯಿ ತೆರೆದೆ.

"ಒಳಗ ಅದಾಳ" ಎಂದೆ. "ಕೆಲಸದಾಗ ಅದಾಳ. ನೀವು ಊಟಕ್ಕ ಕುಂಡ್ರಿ, ಬರ್ತಾಳ."

ಅವಳು ಊಟಕ್ಕೆ ಹೋದಳು. ಪಂಕ್ತಿಯಲ್ಲಿ ಪಕ್ಕದ ಎಲೆಯ ಮುಂದೆ ಕೂರುವ ಜಾಗದಲ್ಲಿ ತನ್ನ ಕೈಚೀಲ ಇಟ್ಟುಕೊಂಡು, ಬೇರೆ ಯಾರನ್ನೂ ಅಲ್ಲಿ ಕೂರಲು ಬಿಡದೆ, ಒಳಬಾಗಿಲನ್ನು ನೋಡುತ್ತ ಕೂತಳು. ಬಡಿಸುವವರು ಆ ಎಲೆಗೂ ಬಡಿಸಿಕೊಂಡು ಹೋದರು. ನಾನು ಬೇಡ ಎನ್ನಲಿಲ್ಲ.